ಅಕ್ಕನ ಹೊಲದ ಐದು ಮೀಟರ್

ನಮ್ಮ ಕೃಷಿ ಕಚೇರಿಯಲ್ಲಿ ಅವರಿಗೆ ಹಗ್ಗದ ಗುಮಾಸ್ತರು ಎಂದೇ ಹೆಸರು. ಮೂವತ್ತೊಂದು ವರ್ಷ ಅವರು ಮಾಡಿದ ಕೆಲಸ ಒಂದೇ: ಮೇಲಿನಿಂದ ಚೀಟಿ ಬಂದ ಹೊಲಕ್ಕೆ ಹೋಗಿ, ಐದು ಮೀಟರ್ ಚೌಕಕ್ಕೆ ಹಗ್ಗ ಕಟ್ಟಿ, ಅದರೊಳಗಿನ ಬೆಳೆ ಕೊಯ್ಸಿ ತೂಗಿಸುವುದು. ಊರಿಗೆ ನಾಲ್ಕು ಚೌಕ. ಸರಾಸರಿ ತೂಕ ಸರ್ಕಾರದ ಮಿತಿಗಿಂತ ಕೆಳಗಿದ್ದರೆ ಊರಿನ ಎಲ್ಲ ರೈತರಿಗೂ ಬೆಳೆ ಸಹಾಯಧನ. ಮೇಲಿದ್ದರೆ ಯಾರಿಗೂ ಇಲ್ಲ. ತಕ್ಕಡಿ ಹಿಡಿಯುವವನು ನಾನು. ರೈತರು ಊಟಕ್ಕೆ ಕರೆದರೆ ಅವರು ಹೋಗುತ್ತಿರಲಿಲ್ಲ, ನನ್ನನ್ನೂ ಬಿಡುತ್ತಿರಲಿಲ್ಲ. ಹನ್ನೆರಡು ವರ್ಷ ಅವರ ಜೊತೆ ಹಸಿದುಕೊಂಡು ತಿರುಗಿದ್ದೇನೆ. ಪ್ರಾಮಾಣಿಕತೆಯ ಬಗ್ಗೆ ಯಾರೂ ನನಗೆ ಭಾಷಣ ಮಾಡಬೇಕಾಗಿಲ್ಲ.

ಆ ವರ್ಷ ಜೋಳಕ್ಕೆ ಹುಳು ಬಿತ್ತು. ಮೂರು ಚೌಕಗಳಲ್ಲಿ ಸಿಕ್ಕಿದ್ದು ಕೋಳಿಗೆ ಹಾಕಲೂ ಸಾಲದು. ನಾಲ್ಕನೆಯ ಚೀಟಿ ಬಿದ್ದದ್ದು ಗುಮಾಸ್ತರ ಸ್ವಂತ ಅಕ್ಕನ ಹೊಲಕ್ಕೆ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು ಆಕೆ. ಬೆಳೆ ಕೆಟ್ಟಿತು ಎಂಬ ಮಾತು ಆಕೆಯ ಬಾಯಿಂದ ಬಂದದ್ದನ್ನು ಊರು ಕೇಳಿರಲಿಲ್ಲ. ಮೂರು ಕಾಳು ಬಂದರೂ ‘ಚೆನ್ನಾಗೇ ಬಂತು’ ಅನ್ನುವವಳು.

ಯಾವ ಹೊಲ, ಯಾವ ಮೂಲೆಯಿಂದ ಎಷ್ಟು ಹೆಜ್ಜೆ ಎಂಬುದನ್ನು ಹದಿನೈದು ದಿನ ಮೊದಲೇ ಕಚೇರಿ ಬಾಗಿಲಿಗೆ ಅಂಟಿಸುತ್ತೇವೆ. ಎಲ್ಲರೂ ಓದಿ ಮರೆಯುತ್ತಾರೆ. ಅಕ್ಕ ಓದಿ, ಆ ಜಾಗಕ್ಕೆ ನಾಲ್ಕು ಗೂಟ ಹೊಡೆದು, ದಿನಾ ಬೆಳಗ್ಗೆ ಕೈಯಿಂದ ಹುಳು ಆರಿಸಿದ್ದಳು.

ನಾವು ಹೋದಾಗ ಹೊಲವೆಲ್ಲ ಜರಡಿಯಾಗಿತ್ತು. ನಡುವೆ ಐದು ಮೀಟರ್ ಮಾತ್ರ ತೆನೆ ತೂಗಿಕೊಂಡು ನಿಂತಿತ್ತು. ಊರಿನ ರೈತರು ಬದುವಿನ ಮೇಲೆ ಕಾಯುತ್ತಿದ್ದರು. ತೂಗಿದೆ. ಉಳಿದ ಮೂರು ಚೌಕ ಸೇರಿಸಿದರೂ ಅಷ್ಟು ಬಂದಿರಲಿಲ್ಲ. ಸರಾಸರಿ ಮಿತಿ ದಾಟಿತು. ಸಹಾಯಧನ ಯಾರಿಗೂ ಇಲ್ಲ, ಅಕ್ಕನಿಗೂ ಇಲ್ಲ.

“ಕೋತಿ ತಾನು ಕೆಡೋದಲ್ದೆ ವನಾನೆಲ್ಲ ಕೆಡಿಸ್ತಂತೆ,” ಎಂದು ಬದುವಿನ ಮೇಲೆ ಯಾರೋ ಗೊಣಗಿದರು.

“ಏನಕ್ಕಾ ಇದು?” ಎಂದರು ಗುಮಾಸ್ತರು.

“ನೀನು ನಾಲ್ಕು ಜನರನ್ನ ಕರ್ಕೊಂಡು ಬರ್ತೀಯ. ಬಂದೋರ ಮುಂದೆ ಕೆಟ್ಟ ಬೆಳೆ ತೋರ್ಸೋಕಾಗುತ್ತಾ?”

ನೆಂಟರು ಬರುತ್ತಾರೆಂದು ಮನೆ ಗುಡಿಸಿದ್ದಳು, ಅಷ್ಟೇ. ನಾನು ಗುಮಾಸ್ತರ ಕಿವಿಯಲ್ಲಿ, “ಸಾರ್, ಇನ್ನೊಂದ್ಸಲ ತೂಗಿ ತಕ್ಕಡಿ ಸ್ವಲ್ಪ ವಾಲಿಸ್ಲಾ?” ಎಂದೆ.

“ಕೆಳಗಿಡು ಅದನ್ನ.”

ಒಂದು ದಾರಿಯಿತ್ತು. ಚೌಕಕ್ಕೆ ಮಾತ್ರ ಆರೈಕೆ ಆಗಿದ್ದರೆ ಅದನ್ನು ಬಿಟ್ಟು ಅದೇ ಹೊಲದಲ್ಲಿ ಬೇರೆ ಚೌಕ ಕೊಯ್ಯಬಹುದು. ಆದರೆ ‘ನನ್ನ ಬೆಳೆ ಕೆಟ್ಟಿದೆ, ಇಷ್ಟನ್ನು ಮಾತ್ರ ಉಳಿಸಿಕೊಂಡೆ’ ಎಂದು ಹೊಲದವರು ಬರೆದುಕೊಡಬೇಕು. ಅದನ್ನು ಊರವರೆದುರು ಓದಿ ಹೇಳಬೇಕು. ಗುಮಾಸ್ತರು ನಿಯಮ ತಿಳಿಸಿದರು. ಒತ್ತಾಯ ಮಾಡುವಂತಿರಲಿಲ್ಲ.

ಅಕ್ಕ ಬದುವಿನ ಕಡೆ ನೋಡಿದಳು. ಐವತ್ತು ವರ್ಷ ಯಾರ ಮುಂದೆ ತಲೆಯೆತ್ತಿ ನಡೆದಿದ್ದಳೋ ಅವರೇ ಅಷ್ಟೂ ಜನ. ಆಮೇಲೆ ಕಾಗದ ಕೇಳಿ ಪಡೆದು, ನಿಧಾನವಾಗಿ ಬರೆದು ರುಜು ಹಾಕಿದಳು.

ಗುಮಾಸ್ತರು ಓದತೊಡಗಿದರು. ‘ನನ್ನ ಬೆಳೆ’ ಎಂಬಲ್ಲಿಗೆ ದನಿ ಪಿಸುಮಾತಾಯಿತು.

“ಜೋರಾಗಿ ಓದೋ,” ಎಂದಳು ಅಕ್ಕ. “ಹಿಂದೆ ನಿಂತೋರಿಗೆ ಕೇಳಿಸ್ಲಿಲ್ಲ.”