ಮಲ್ಲಯ್ಯನ ಲಾರಿಗೆ ಬರೆದ ಪಟ್ಟಿ

ನಮ್ಮದು ಕುಕನೂರಿನಿಂದ ಎರಡು ಹರದಾರಿ ದೂರದ ಊರು. ನಮ್ಮ ಊರಿನವರು ಶ್ರೀಶೈಲದ ಮಲ್ಲಯ್ಯನಿಗೆ ಮನೆಯ ಹೊಸ್ತಿಲಿನಿಂದಲೇ ಬರಿಗಾಲಲ್ಲಿ ನಡೆಯುತ್ತಿದ್ದರು. ಯುಗಾದಿಯೊಳಗೆ ಮುಟ್ಟಬೇಕೆಂದರೆ ಎರಡು ವಾರ ಮೊದಲೇ ಹೊರಡಬೇಕು. ಅಷ್ಟು ದಿನ ಕೂಲಿ ಬಿಟ್ಟು ಹೋಗುವುದು ಬಹಳ ಜನಕ್ಕೆ ಆಗುತ್ತಿರಲಿಲ್ಲ. ಅದಕ್ಕೇ ೧೯೮೧ರಲ್ಲಿ, ಕಾಡಿನ ಅಂಚಿನ ಊರಿನವರೆಗೆ ಲಾರಿಯಲ್ಲಿ ಹೋಗಿ ಅಲ್ಲಿಂದ ಕಾಡಿನ ದಾರಿ ಮಾತ್ರ ನಡೆಯುವುದೆಂದು ಹಿರಿಯರು ಗೊತ್ತು ಮಾಡಿದರು.

ಲಾರಿಯಿಂದ ಒಂದು ತೊಡಕಾಯಿತು. ನಮ್ಮ ತಂಡದ ಮುಂದೆ ಯಾವಾಗಲೂ ಕಂಬಿ ನಡೆಯುತ್ತದೆ. ಕಂಬಿಯೆಂದರೆ ಎರಡೂ ತುದಿಗೆ ದೇವರ ಗಂಟು ಕಟ್ಟಿದ ಬಿದಿರಿನ ದಂಡಿಗೆ. ಮುಟ್ಟಾದ ಹೆಂಗಸಿನ ನೆರಳು ಅದರ ಮೇಲೆ ಬೀಳಬಾರದು. ನಡೆದು ಹೋಗುವಾಗ ಹಾಗಾದವರು ಒಂದು ಕೂಗಳತೆ ಹಿಂದೆ ಉಳಿದು ಬರುತ್ತಿದ್ದರು. ಲಾರಿಯಲ್ಲಿ ಹಿಂದೆ ಉಳಿಯುವುದು ಎಲ್ಲಿ? ಆ ದಿನಗಳು ಯಾರಿಗೆ ಬರುವುದಿಲ್ಲವೋ ಅಂಥವರನ್ನೇ ಆರಿಸಿ ಕರೆದೊಯ್ಯಬೇಕೆಂದು ಕಂಬಿ ಹೊರುವ ಅಜ್ಜ ಹೇಳಿದ. ಗಂಡಸರು ಕೇಳುವ ಮಾತಲ್ಲ. ನಾನು ದಿನವೂ ಡೈರಿ ಬರೆಯುವವಳು. ಕೆಲಸ ನನ್ನ ಪಾಲಿಗೆ ಬಂತು. ಆಗ ನನಗೆ ಹದಿನೆಂಟು.

ಮಾಘದ ಕೊನೆಯ ವಾರ ನಾಲ್ಕು ಮಧ್ಯಾಹ್ನ ಮನೆಮನೆಗೆ ಹೋದೆ. ನಮ್ಮ ಮನೆಯ ಮೂವರೂ ಸೇರಿ ಹೆಸರು ಕೊಟ್ಟವರು ಹದಿನಾರು ಹೆಂಗಸರು. ಯಾರಿಗೂ ತಾರೀಖು ಗೊತ್ತಿರಲಿಲ್ಲ.

"ಅಮಾಸಿ ಮುಂದ ಮೂರ ದಿನಾ ಇತ್ತು ನೋಡ. ಅವತ್ತ ನಮ್ಮ ಎಮ್ಮಿ ಈದಿತ್ತು," ಎಂದಳು ಒಬ್ಬಳು.

ಓಣಿಯ ಮುದುಕಿ ನಕ್ಕಳು. "ನಂದು ನಿಂತು ಹತ್ತ ವರ್ಷ ಆತು. ನನ್ನ ಡ್ರೈವರನ ಬಾಜೂಕ ಕುಂದ್ರಸ."

"ನಿನ್ನ ಕುಂದ್ರಿಸಿದ್ರ ಅಂವ ಲಾರಿ ಬಿಟ್ಟು ಓಡಿಹೋಗ್ತಾನ, ಸುಮ್ಮ ಕುಂಡ್ರಬೇ," ಎಂದು ಇನ್ನೊಬ್ಬಳು ಕಟ್ಟೆಯ ಮೇಲಿನಿಂದ ಕೂಗಿದಳು.

ನಾನು ಕ್ಯಾಲೆಂಡರಿನ ಮೇಲೆ ಮುಂದಿನ ತಿಂಗಳಿಗೆ ಎಣಿಸಿದೆ. ಇಬ್ಬರಿಗೆ ಸರಿಯಾಗಿ ಪಯಣದ ದಿನಗಳೇ ಬರುತ್ತಿದ್ದವು. ಅವರನ್ನು ಬಿಟ್ಟೆ. ಅವರಲ್ಲಿ ಒಬ್ಬಳು ಗಂಡನ ಹೊಟ್ಟೆನೋವಿಗೆ ಹರಕೆ ಹೊತ್ತಿದ್ದಳು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

ಕೊನೆಗೆ ನನ್ನ ಅಣ್ಣನ ಹೆಂಡತಿ ಉಳಿದಳು. ವೈನಿಯ ಮೊದಲ ಎರಡು ಕೂಸುಗಳು ಹೆಸರಿಡುವ ಮೊದಲೇ ಹೋಗಿದ್ದವು. ಮೂರನೆಯದು ಉಳಿದರೆ, ಮೊದಲ ಯುಗಾದಿಗೇ ಹೆತ್ತವಳು ಅದನ್ನು ಕಂಕುಳಲ್ಲಿ ಎತ್ತಿಕೊಂಡು ಕಾಡು ದಾಟುತ್ತಾಳೆಂದು ಅವ್ವ ಬೇಡಿಕೊಂಡಿದ್ದಳು. ಕೂಸಿಗೆ ಆಗ ಹತ್ತು ತಿಂಗಳು. ಸಂಕ್ರಾಂತಿಯಲ್ಲಿ ಅದಕ್ಕೆ ಜ್ವರ ಬಂದಾಗ, ಮಲ್ಲಯ್ಯ ನೆನಪು ಮಾಡುತ್ತಿದ್ದಾನೆ ಎಂದು ಅವ್ವ ದಿನವೂ ಅನ್ನುತ್ತಿದ್ದಳು.

ವೈನಿಯನ್ನು ಕೇಳುವ ಅಗತ್ಯವಿರಲಿಲ್ಲ. ಅವಳು ಹೊರಗೆ ಕೂತ ದಿನ ರೊಟ್ಟಿ ಬಡಿಯುವವಳು ನಾನೇ. ಡೈರಿಯಲ್ಲಿ 'ರೊಟ್ಟಿ ನಾನು' ಎಂದು ಬರೆಯುತ್ತಿದ್ದೆ. ಕಾರ್ತಿಕದಲ್ಲಿ ಮೂರು ದಿನ ಇತ್ತು, ಮಾರ್ಗಶಿರದಲ್ಲಿ ಮೂರು ದಿನ ಇತ್ತು. ಪುಷ್ಯದಲ್ಲಿ ಇಲ್ಲ. ಮಾಘದಲ್ಲಿ ಇಲ್ಲ. ಮೊಲೆ ಕುಡಿಯುವ ಕೂಸಿದ್ದಾಗ ಹಿಂದುಮುಂದಾಗುತ್ತದೆಂದು ಅವ್ವ ನಂಬಿದ್ದಳು. ಆದರೆ ವೈನಿ ಬಣವೆಯ ಹಿಂದೆ ವಾಂತಿ ಮಾಡಿಕೊಂಡದ್ದನ್ನು ನಾನು ಎರಡು ಸಲ ಕಂಡಿದ್ದೆ. ಬಸುರಿಯನ್ನು ಕಂಬಿಯವರು ಕರೆದೊಯ್ಯುವುದಿಲ್ಲ.

ಬೀಸುಕಲ್ಲಿನ ಹತ್ತಿರ ಅವಳು ಒಬ್ಬಳೇ ಇದ್ದಾಗ ಕೇಳಿದೆ. ಅವಳು ಕಲ್ಲು ನಿಲ್ಲಿಸಲಿಲ್ಲ.

"ಈ ಯುಗಾದಿ ತಪ್ಪಿದ್ರ ಈ ಕೂಸೂ ಹೋಗ್ತೈತಿ ತಂಗೀ. ಹೊಟ್ಟ್ಯಾಗಿಂದು ಇನ್ನೂ ಕಂಡಿಲ್ಲ. ಕೈಯಾಗಿಂದು ನೋಡ."

"ಪಟ್ಟ್ಯಾಗ ಯಾವ ದಿನಾ ಬರೀಲಿ?"

"ಹೋಗಾಕ ಅಡ್ಡ ಬರದಂಥಾ ದಿನಾ ಬರಿ."

ಬರೆದೆ. ನಿಜ ಹೇಳಿದ ಇಬ್ಬರನ್ನು ಬಿಟ್ಟ ಅದೇ ಹಾಳೆಯಲ್ಲಿ ಬರೆದೆ.

ಯುಗಾದಿಗೆ ಐದು ದಿನ ಇದ್ದಾಗ, ಮೂಡಣ ಕೆಂಪಾಗುವ ಹೊತ್ತಿಗೆ ಲಾರಿ ಹೊರಟಿತು. ಅವ್ವ, ವೈನಿ, ನಾನು ಸೇರಿ ಹೆಂಗಸರು ಹದಿನಾಲ್ಕು, ಗಂಡಸರು ಹದಿನೇಳು, ಜೊತೆಗೆ ಕೂಸು. ಅಣ್ಣ ಗಂಗಾವತಿಯ ಕಡೆ ಭತ್ತದ ಕೊಯ್ಲಿಗೆ ಹೋಗಿದ್ದ. ಕಂಬಿಯನ್ನು ಕ್ಯಾಬಿನ್ನಿನ ಮೇಲೆ ಕಟ್ಟಿದ್ದರು. ಹೊಟ್ಟಿನ ಚೀಲಗಳ ಮೇಲೆ ಕೂತು ಕೊಪ್ಪಳ ದಾಟಿದೆವು. ಹುಲಿಗಿಯ ಹತ್ತಿರ ಎಲ್ಲರೂ ಅಮ್ಮನ ಗುಡಿಯ ದಿಕ್ಕಿಗೆ ಕೈಮುಗಿದರು. ಬಳ್ಳಾರಿ ದಾಟಿದ ಮೇಲೆ ರಸ್ತೆ ಕೆಟ್ಟಿತು. ಲಾರಿ ಎತ್ತಿ ಎತ್ತಿ ಒಗೆಯುತ್ತಿತ್ತು. ವೈನಿ ಮಧ್ಯಾಹ್ನದ ಬುತ್ತಿ ಮುಟ್ಟಲಿಲ್ಲ. ನನ್ನ ಮಣಿಕಟ್ಟು ಹಿಡಿದಿದ್ದಳು, ಕುಲುಕಿದಾಗಲೆಲ್ಲ ಉಗುರು ಒತ್ತುತ್ತಿತ್ತು.

ಬಿಸಿಲು ಇಳಿಯುವಾಗ ಕಾಡಿನ ಅಂಚಿನ ಊರು ಬಂತು. ಎಲ್ಲರೂ ಇಳಿದರು. ವೈನಿ ಎದ್ದಾಗ ಚೀಲದ ಮೇಲೆ ರಕ್ತವಿತ್ತು. ಮೊದಲು ನೋಡಿದವಳು ಓಣಿಯ ಮುದುಕಿ.

"ಅಯ್ಯ ಶಿವನ! ಪಟ್ಟಿ ಬರದಾಕಿ ಎಲ್ಲ್ಯದಾಳ?"

ಹೆಂಗಸರು ದೂರ ಸರಿದರು. ಗಂಡಸರು ಕಂಬಿಯನ್ನು ಬಿಚ್ಚಿಕೊಂಡು ತೊಳೆಯಲು ಊರಬಾವಿಯ ಕಡೆ ಓಡಿದರು. ಅವ್ವ ನನ್ನ ಎದುರು ಬಂದು ನಿಂತಳು.

"ಏನಿದು?"

ವೈನಿ ನನ್ನನ್ನೇ ನೋಡುತ್ತಿದ್ದಳು. ನಾನು ಅಂದೆ, "ಎಣಿಕಿ ತಪ್ಪೇತಿ ಅವ್ವಾ. ನಂದ ತಪ್ಪು. ದಿನಾ ಈಗ ಬಂದೈತಿ."

ನಾನು ಬಾಯಿಬಿಟ್ಟು ಹೇಳಿದ ಮಾತು ಅಷ್ಟೇ. ವೈನಿ ಬಸುರಿಯೆಂದು ಹೇಳಿದ್ದರೆ, ಆಗಿನ್ನೂ ಲಾರಿ ಅಲ್ಲೇ ಇತ್ತು, ಆಸ್ಪತ್ರೆಗೆ ಒಯ್ಯಬಹುದಿತ್ತು. ತಿಂಗಳ ದಿನವೆಂದು ತಿಳಿದದ್ದರಿಂದ ಯಾರೂ ಗಾಬರಿಯಾಗಲಿಲ್ಲ, ಸಿಟ್ಟಾದರು ಅಷ್ಟೇ.

ಅಜ್ಜ ದೂರದಿಂದಲೇ ಹೇಳಿದ: "ಯವ್ವಾ, ಬೈಯಾಂಗಿಲ್ಲ ನಿನ್ನ. ಆದ್ರ ಕಂಬಿ ನಿಂದರಾಂಗಿಲ್ಲ. ನೀವಿಬ್ರೂ ಇಲ್ಲೇ ಇರ್ರಿ. ತಿರುಗಿ ಬರೂಮುಂದ ಹತ್ತಿಸ್ಕೊಂಡು ಹೊಕ್ಕೇವಿ."

ಅವ್ವ ವೈನಿಯ ಕಂಕುಳಿನಿಂದ ಕೂಸನ್ನು ಎಳೆದುಕೊಂಡಳು. ಅದು ಸೆರಗು ಹಿಡಿದಿತ್ತು. ಒಂದೊಂದೇ ಬೆರಳು ಬಿಡಿಸಿದಳು. ನಮ್ಮವರು ಅಲ್ಲಿಂದಲೇ ಕಾಡಿನ ದಾರಿ ಹಿಡಿದರು. ಲಾರಿ, ಅವರನ್ನು ಶ್ರೀಶೈಲದಲ್ಲಿ ಹತ್ತಿಸಿಕೊಳ್ಳಲು, ಬೇರೆ ರಸ್ತೆಯಲ್ಲಿ ಹೋಯಿತು. ಕೂಸಿನ ಅಳು ಗಿಡಗಳ ಒಳಗಿನಿಂದ ಸ್ವಲ್ಪ ಹೊತ್ತು ಕೇಳಿಸಿತು.

ಊರ ಹೊರಗಿನ ಛತ್ರದ ಪಡಸಾಲೆಯಲ್ಲಿ ಉಳಿದೆವು. ಬೆಳಗಾಗುವಷ್ಟರಲ್ಲಿ ವೈನಿ ಕರೆದರೆ ಓಗೊಡುತ್ತಿರಲಿಲ್ಲ. ನೀರಿಗೆ ಬಂದ ತೆಲುಗು ಹೆಂಗಸಿನ ಕೈಹಿಡಿದು ಹೊಟ್ಟೆ ತೋರಿಸಿದೆ. ಅವಳಿಗೆ ನನ್ನ ಭಾಷೆ ಬರುತ್ತಿರಲಿಲ್ಲ, ಆದರೂ ತಿಳಿಯಿತು. ಅವಳ ಗಂಡ ಚಕ್ಕಡಿ ಕಟ್ಟಿದ. ಪಕ್ಕದ ಊರಿನ ಆಸ್ಪತ್ರೆ ಮುಟ್ಟುವಾಗ ಬಿಸಿಲೇರಿತ್ತು. ವೈನಿ ಉಳಿದಳು. ನಿನ್ನೆ ಸಂಜೆಯೇ ತಂದಿದ್ದರೆ ಇಷ್ಟು ಕೆಡುತ್ತಿರಲಿಲ್ಲ, ಇನ್ನು ಮಕ್ಕಳಾಗುವುದಿಲ್ಲ ಎಂದು ಡಾಕ್ಟರು ಹರಕುಮುರುಕು ಕನ್ನಡದಲ್ಲಿ ಹೇಳಿದರು. ಯಾರಿಗೂ ಕಾಣದಂತೆ ಮಂಚದ ಕಂಬಿಗೆ ಎದೆ ಒತ್ತಿ ವೈನಿ ಹಾಲು ಹಿಂಡುತ್ತಿದ್ದಳು.

ಆರನೆಯ ದಿನ ಲಾರಿ ಹಿಂದಿರುಗಿತು. ಛತ್ರದಲ್ಲಿ ಕೇಳಿಕೊಂಡು ಅವ್ವ ಆಸ್ಪತ್ರೆಗೆ ಬಂದಳು. ಅವಳ ಕಾಲು ಒಡೆದು ಬಟ್ಟೆ ಸುತ್ತಿತ್ತು. ಕೂಸಿನ ತಲೆ ಬೋಳಿಸಿದ್ದರು. ಅದು ವೈನಿಯನ್ನು ನೋಡಿ ಮುಖ ತಿರುಗಿಸಿತು.

ನರ್ಸ್ ಹೇಳಿದ್ದನ್ನು ಅವ್ವ ಅರ್ಥ ಮಾಡಿಕೊಂಡಾಗ ಅಲ್ಲೇ ನೆಲಕ್ಕೆ ಕೂತಳು. ಆಮೇಲೆ ನನ್ನ ಕಡೆ ತಿರುಗಿದಳು.

"ಬಸುರದಾಳಂತ ನಿನಗ ಗೊತ್ತಿತ್ತೇನು?"

ನಾನು ಬಾಯಿ ತೆರೆಯುವ ಮೊದಲೇ ವೈನಿ ಹೇಳಿದಳು. "ಅಕಿಗೇನ ಗೊತ್ತು ಅತ್ತೀ, ಸಣ್ಣಾಕಿ. ನಾನ ಮುಚ್ಚಿಟ್ಟಿದ್ನಿ."

ನಾನು ಅದನ್ನು ತಿದ್ದಲಿಲ್ಲ. ಇದು ಮೂರು ವರ್ಷದ ಹಿಂದಿನ ಮಾತು. ಆ ದಿನದಿಂದ ದೀಪಾವಳಿಯವರೆಗೆ ಅವ್ವ ವೈನಿಯ ಜೊತೆ ಮಾತಾಡಲಿಲ್ಲ. ನನ್ನ ಜೊತೆ ಎಂದಿನಂತೆಯೇ ಮಾತಾಡಿದಳು.