ಶರಣಪ್ಪನವರ ಮೇನ್ ಸ್ವಿಚ್

ಊರಲ್ಲಿರುವ ನಿಮಗೆಲ್ಲ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಒಬ್ಬೊಬ್ಬರಿಗೆ ಬೇರೆ ಬರೆಯುವ ತ್ರಾಣ ಇವತ್ತಿಲ್ಲ.

ಇಲ್ಲಿ ನಾಸಿಕ್‌ನಲ್ಲಿ ಬೀದರಿನಿಂದ ಬಂದು ನೆಲೆಸಿದ ಶರಣಪ್ಪನವರ ಟೈಪಿಂಗ್ ಅಂಗಡಿಯ ಕಂಪ್ಯೂಟರ್ ಕೆಟ್ಟಿತ್ತು, ರಿಪೇರಿಗೆ ನನ್ನನ್ನು ಕರೆಸಿದ್ದರು. ಅವರ ತಾಯಿ ಬೀಸುವಾಗ ಹೇಳುತ್ತಿದ್ದ ಹಾಡುಗಳನ್ನೆಲ್ಲ ಅವರು ಅದರಲ್ಲೇ ಟೈಪ್ ಮಾಡಿಟ್ಟಿದ್ದರು. ಬೇರೆಲ್ಲೂ ಪ್ರತಿಯಿಲ್ಲ, ತಾಯಿಗೆ ಈಗ ಮರೆವು. ತಿರುಗದೆ ಅಂಟಿಕೊಂಡಿದ್ದ ಹಾರ್ಡ್ ಡಿಸ್ಕನ್ನು ಕೈಯಲ್ಲಿ ಮೆಲ್ಲಗೆ ತಿರುವಿ ತಿರುವಿ ಬೆಳಿಗ್ಗೆ ಎಬ್ಬಿಸಿದೆ. ಹಾಡುಗಳು ಒಂದೊಂದಾಗಿ ಹೊಸ ಡಿಸ್ಕಿಗೆ ಇಳಿಯತೊಡಗಿದವು.

"ಇದು ನಿಂತ್ರ ಮತ್ತ ಏಳೂದಿಲ್ಲ. ಯಾರೂ ಮುಟ್ಟಬ್ಯಾಡ್ರಿ" ಎಂದೆ.

ಮಧ್ಯಾಹ್ನ ಶರಣಪ್ಪನವರು, "ಯಂತ್ರ ತನ್ನ ಕೆಲಸ ಮಾಡ್ತದ, ನೀವ್ಯಾಕ ಉಪಾಸ ಕೂಡ್ತೀರಿ? ಮನಿಗೆ ನಡೀರಿ" ಎಂದು ಬಿಡಲೇ ಇಲ್ಲ. ನಾನು ಮುಂದೆ ಹೋದೆ, ಅವರು ಬೀಗ ಹಾಕಿ ಬಂದರು. ಅವರ ತಾಯಿಯೇ ಬಿಸಿ ರೊಟ್ಟಿ ಬಡಿಸಿದರು.

ತಿರುಗಿ ಬಂದರೆ ಅಂಗಡಿಯಲ್ಲಿ ಸದ್ದೇ ಇಲ್ಲ.

"ಮೇನ್ ಯಾರು ಆರಿಸಿದ್ರಿ?"

"ನಾನೇ. ಬೀಗ ಹಾಕೂ ಮುಂದ ಆರಿಸಿ, ಕೈ ಮುಗದು ಹೋಗೂದು ನಮ್ಮಪ್ಪನ ಕಾಲದ ಪದ್ಧತಿರಿ. ಯಂತ್ರ ಮಾತ್ರ ಮುಟ್ಟಿಲ್ಲ."

ಸಂಜೆಯವರೆಗೂ ತಿರುವಿದೆ, ಡಿಸ್ಕು ಏಳಲಿಲ್ಲ. ಅಷ್ಟರಲ್ಲಿ ಹೊಸ ಡಿಸ್ಕಿಗೆ ಇಳಿದಿದ್ದ ಅರ್ಧದಷ್ಟು ಹಾಡುಗಳು ಮಾತ್ರ ಉಳಿದವು. ಶರಣಪ್ಪನವರು ಗೋಡೆಯ ಸ್ವಿಚ್ಚನ್ನೇ ನೋಡುತ್ತ ಕೂತುಬಿಟ್ಟರು.

ಹೇಳಿಹೋಗೋಣವೆಂದು ಅವರ ಮನೆಗೆ ಹೋದೆ. ತಾಯಿ ಕೇಳಿದರು, "ಯಾರಪಾ ನೀ? ಊಟ ಆಗಿಲ್ಲೇನು? ಕೂಡು, ರೊಟ್ಟಿ ಬಡೀತೀನಿ."

ಕೂತೆ. ಮತ್ತೊಮ್ಮೆ ಉಂಡು ಬಂದೆ. ಸದ್ಯ, ಈ ಸಲ ನಾನು ಉಣ್ಣುವಾಗ ಆರಿಸಲು ಅಂಗಡಿಯಲ್ಲಿ ಏನೂ ಉಳಿದಿರಲಿಲ್ಲ.