ಯಾವ ಕುಲುಮೆಯದೂ ಅಲ್ಲದ ಪುಡಿ

ದತ್ತಾತ್ರೇಯ ಸುಲಭಕ್ಕೆ ಯಾರನ್ನೂ ಅನುಮಾನಿಸುವವನಲ್ಲ. ಆದರೆ ೨೦೦೬ರ ಚಳಿಗಾಲದಲ್ಲಿ, ಗೋಥೆನ್‌ಬರ್ಗಿನ ಆ ಸಣ್ಣ ಕಂಪನಿಯಲ್ಲಿ, ಜೊತೆಗೆ ಕೆಲಸ ಮಾಡುವ ರಾಜಗೋಪಾಲರ ಒಂದೊಂದು ಓಡಾಟದ ಮೇಲೂ ಅವನ ಕಣ್ಣಿರುತ್ತಿತ್ತು.

ಕೂದಲಿಗಿಂತ ಸಾವಿರಾರು ಪಟ್ಟು ತೆಳುವಾದ ಇಂಗಾಲದ ನಳಿಕೆಗಳನ್ನು ಬೆಳೆಸುವುದು ಕಂಪನಿಯ ಕೆಲಸ. ದತ್ತಾತ್ರೇಯನ ಚಿಕ್ಕ ಕುಲುಮೆಯಲ್ಲಿ ಚಿಟಿಕೆಯಷ್ಟು ಚೆನ್ನಾಗಿಯೇ ಬರುತ್ತಿತ್ತು. ಕಿಲೋಗಟ್ಟಲೆ ತೆಗೆಯಬೇಕಾದ ದೊಡ್ಡ ಕುಲುಮೆ ಮೈಸೂರಿನ ರಾಜಗೋಪಾಲರದು. ಅದರಲ್ಲಿ ಬರುತ್ತಿದ್ದುದು ಬರೀ ಮಸಿ.

ಒಂದು ಸೋಮವಾರ ಮಾಲೀಕ ಹೆನ್ರಿಕ್ ಒಂದು ಡಬ್ಬಿ ಪುಡಿಯನ್ನು ದತ್ತಾತ್ರೇಯನ ಮುಂದೆ ತಂದಿಟ್ಟ. ರಾಜಗೋಪಾಲ್ ವಾರಾಂತ್ಯದಲ್ಲಿ ದೊಡ್ಡ ಕುಲುಮೆಯಲ್ಲಿ ತೆಗೆದದ್ದು, ಪೇಟೆಂಟ್ ಮಾತುಕತೆ ನಡೆಯುತ್ತಿದೆ, ರಾಜಗೋಪಾಲರ ಹತ್ತಿರವೂ ಈ ವಿಷಯ ಎತ್ತಬೇಡ ಎಂದ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉದ್ದುದ್ದ ನಳಿಕೆಗಳು, ಮಸಿಯ ಸುಳಿವೇ ಇಲ್ಲ.

ದತ್ತಾತ್ರೇಯನಿಗೆ ಖುಷಿಗಿಂತ ಮೊದಲು ಕಸಿವಿಸಿಯಾಯಿತು. ದೊಡ್ಡ ಕುಲುಮೆಯ ಗ್ಯಾಸ್ ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳು ಶುಕ್ರವಾರ ಇದ್ದಲ್ಲೇ ಇತ್ತು, ಅಂದರೆ ವಾರಾಂತ್ಯದಲ್ಲಿ ಕುಲುಮೆ ಹಚ್ಚಿಯೇ ಇರಲಿಲ್ಲ. ಪುಡಿಯನ್ನು ಎಕ್ಸ್-ರೇ ಪರೀಕ್ಷೆಗೆ ಹಾಕಿದ. ನಳಿಕೆ ಬೆಳೆಯಲು ಇವರು ಬಳಸುತ್ತಿದ್ದುದು ಕಬ್ಬಿಣದ ಕಣ, ಇದರಲ್ಲಿದ್ದದ್ದು ನಿಕ್ಕಲ್. ರಾಜಗೋಪಾಲರು ಎಲ್ಲಿಂದಲೋ ತಂದು ತಮ್ಮದೆಂದು ಕೊಟ್ಟಿದ್ದಾರೆ ಎಂದುಕೊಂಡ. ಅವರೂ ಇವನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಇಬ್ಬರೂ ಫೀಕಾಗೆ, ಅಲ್ಲಿನವರ ಕಾಫಿ ವಿರಾಮಕ್ಕೆ, ಬೇರೆ ಬೇರೆ ಹೊತ್ತಿಗೆ ಹೋಗತೊಡಗಿದರು. ನೇರವಾಗಿ ಕೇಳಿಬಿಡಿ ಎಂದು ಹೆಂಡತಿ ಅನುರಾಧಾ ಹೇಳಿದರೂ ಅವನಿಗೆ ಬಾಯಿ ಬರಲಿಲ್ಲ.

ಟೋರ್ಸ್‌ಲಾಂಡದ ಕಾರು ಕಾರ್ಖಾನೆಯವರು ಪುಡಿ ನೋಡಲು ಬರುವ ಹಿಂದಿನ ದಿನ, ಬಸ್‌ಸ್ಟಾಪಿನಲ್ಲಿ ರಾಜಗೋಪಾಲರೇ ಹತ್ತಿರ ಬಂದರು.

"ದತ್ತು, ಬೇಜಾರ್ ಮಾಡ್ಕೋಬೇಡಿ. ಆ ಪುಡಿ ಎಲ್ಲಿಂದ ತಂದ್ರಿ?"

"ನಾನಾ? ಅದು ನಿಮ್ಮ ಬ್ಯಾಚ್ ಅಂದ್ರಲ್ಲ ಹೆನ್ರಿಕ್."

"ನನ್ಹತ್ರ ನಿಮ್ಮದು ಅಂದಿದಾನೆ. ನಿಮ್ಮನ್ನ ಏನೂ ಕೇಳ್ಬೇಡ ಅಂತಾನೂ ಹೇಳಿದಾನೆ."

ಬಸ್ಸು ಬಂದು ಹೋಯಿತು. ಇಬ್ಬರೂ ಹತ್ತಲಿಲ್ಲ.

ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೆನ್ರಿಕ್‌ನ ಕೋಣೆಗೆ ಹೋದರು. ಅವನು ಸಿಟ್ಟಾಗಲಿಲ್ಲ. ಹೋಲಿಕೆಗೆಂದು ಹೊರಗಿನಿಂದ ತರಿಸಿದ್ದು, ವಸಂತದ ಹೊತ್ತಿಗೆ ನಮ್ಮ ಕುಲುಮೆಯಲ್ಲೂ ಬಂದೇ ಬರುತ್ತದೆ ಎಂದ. ಇದನ್ನು ನಮ್ಮದೆಂದು ತೋರಿಸಬೇಡಿ ಎಂದು ರಾಜಗೋಪಾಲರು ಹೇಳಿದ್ದಕ್ಕೆ ಆಯಿತೆಂದು ತಲೆಯಾಡಿಸಿದ. ಮಧ್ಯಾಹ್ನ ಸಭೆಯಲ್ಲಿ ಅದೇ ಡಬ್ಬಿ ಮೇಜಿನ ನಡುವೆ ಇತ್ತು.

ಯಾವ ಲೋಹದ ಕಣ ಬಳಸುತ್ತೀರಿ ಎಂದು ಬಂದವರಲ್ಲೊಬ್ಬರು ಕೇಳಿದರು. ಹೆನ್ರಿಕ್ ದತ್ತಾತ್ರೇಯನ ಕಡೆ ನೋಡಿದ. ದತ್ತಾತ್ರೇಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. ನಾವು ಕಬ್ಬಿಣ ಬಳಸುತ್ತೇವೆ, ಈ ಪುಡಿಯಲ್ಲಿರುವುದು ನಿಕ್ಕಲ್, ಇದು ನಾವು ಮಾಡಿದ್ದಲ್ಲ ಎಂದ. ರಾಜಗೋಪಾಲರು ಹೌದೆಂದರು. ಬಂದವರು ಕಾಫಿ ಮುಗಿಸದೆ ಎದ್ದರು.

ಬೇಸಿಗೆಯೊಳಗೆ ಕಂಪನಿ ಮುಚ್ಚಿತು. ರಾಜಗೋಪಾಲರು ಹೆಲ್ಸಿಂಗ್‌ಬೋರ್ಗ್‌ನಲ್ಲಿ ಕೆಲಸ ಹಿಡಿದರು. ದತ್ತಾತ್ರೇಯ ವರ್ಕ್ ಪರ್ಮಿಟ್ಟಿಗೆ ಹೊಸದಾಗಿ ಅರ್ಜಿ ಹಾಕಿ ವಿಶ್ವವಿದ್ಯಾಲಯದ ಪ್ರಯೋಗಾಲಯ ಸೇರಿದ. ಯುಗಾದಿಗೆ ಎರಡೂ ಮನೆಯವರು ಸೇರುತ್ತಾರೆ, ಮಕ್ಕಳು ಹೋಗುವ ದಾಗಿಸ್ ಶಿಶುವಿಹಾರದ ಬಗ್ಗೆ, ಊರಿನ ಬಗ್ಗೆ ಮಾತಾಡುತ್ತಾರೆ. ಆ ಚಳಿಗಾಲದ ಮಾತನ್ನು ಮಾತ್ರ ಇಬ್ಬರೂ ಎತ್ತುವುದಿಲ್ಲ.